ಪಮ್ಮಿ ಆಮೇಲೆ ಹೇಳ್ತೀನಿ ಅಂದದ್ದು

ಧಾರವಾಡ
ಫೆಬ್ರವರಿ ಮೂವತ್ತು, 2168

ಪಮ್ಮಿಯವರಿಗೆ,

ನಮಸ್ಕಾರ. ನಿಮ್ಮ ಫೆಬ್ರವರಿಯಲ್ಲಿ ಮೂವತ್ತನೇ ತಾರೀಖು ಇರಲಿಲ್ಲವೆಂದು ಓದಿದ್ದೇನೆ. ನಮ್ಮಲ್ಲಿ ಇದೆ. ನಾಳೆ ಸಂಜೆ ನನ್ನ ಅಸೈನ್‌ಮೆಂಟ್ ಪ್ರಸಾರವಾಗಬೇಕು, ಹಾಗಾಗಿ ಇವತ್ತು ಮೂವತ್ತಲ್ಲದೆ ಬೇರೆ ಯಾವುದಾದರೂ ದಿನವಾಗಿದ್ದರೆ ಚೆನ್ನಾಗಿತ್ತು. ನನ್ನದು ಹಾಸ್ಟೆಲಿನಲ್ಲಿ ಬೆಳೆದ, ಅರ್ಧ ಇಂಗ್ಲಿಷ್ ಬೆರೆತ ಕನ್ನಡ. ಜೊತೆಗೆ ನಮ್ಮ ಕಾಲದ ಪದಗಳು ಬೇರೆ. ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಪೂರ್ತಿ ಹೆಸರೂ ನನಗೆ ಗೊತ್ತಿಲ್ಲ. ಉಳಿದುಬಂದ ಒಂದು ಹಳೆಯ ದನಿಯಲ್ಲಿ ನಿಮ್ಮ ಅಜ್ಜಿ ಪಮ್ಮಿ ಎಂದು ಕರೆದದ್ದು ಕೇಳಿದ್ದೇನೆ, ಅಷ್ಟೇ. ಇಸವಿಯ ಪ್ರಕಾರ ನೀವು ನನ್ನ ಮುತ್ತಜ್ಜಿಗೂ ಹಿರಿಯರು. ದನಿಯ ಪ್ರಕಾರ ನನಗಿಂತ ಚಿಕ್ಕವರು. ಇರಲಿ, ಬಹುವಚನವೇ ಸೇಫ್.

ಇದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಅಂದರೆ ಹಿಂದಿನವರಿಗೆ ಬರೆಯುವ ಓಲೆ. ತಲುಪಿದ್ದನ್ನು ಯಾರೂ ಕಂಡಿಲ್ಲ. ನಮ್ಮ ಕೋರ್ಸಿನಲ್ಲಿ ಮೊದಲ ವರ್ಷದವರೆಲ್ಲ ಒಂದೊಂದು ಬರೆಯಲೇಬೇಕು, ಬಹಳ ಜನ ಶಾಸ್ತ್ರಕ್ಕೆ ಬರೆದು ಮುಗಿಸುತ್ತಾರೆ. ನನಗೆ ಮಾತ್ರ ನಿಜವಾಗಿಯೂ ಉತ್ತರ ಬೇಕು.

ನಿಮಗೆ ಒಂದು ಕೆಟ್ಟ ಸುದ್ದಿ ಹೇಳಬೇಕು. ನಿಮ್ಮ ಕಾಲದ ಚಿತ್ರಗಳು ನಮ್ಮನ್ನು ಮುಟ್ಟಲಿಲ್ಲ. ಅವುಗಳನ್ನು ಕಟ್ಟಿಟ್ಟಿದ್ದ ರೀತಿ ಮುಂದಿನ ಯಂತ್ರಗಳಿಗೆ ಅರ್ಥವಾಗದೆ ಹೋಯಿತು. ದನಿ ಹಗುರವಾದದ್ದು, ಎಲ್ಲೆಲ್ಲೋ ನಕಲಾಗಿ ಉಳಿದುಕೊಂಡಿತು. ಈಗ ಸಂಜೆಯಾದರೆ ಪ್ರತಿ ಓಣಿಯ ಕೇಳುಕಟ್ಟೆಯಲ್ಲಿ ಜನ ಶೇಂಗಾ ಸುಲಿಯುತ್ತ ಕೂತು ನಿಮ್ಮ ಟೀವಿ ಧಾರಾವಾಹಿಗಳನ್ನು ಕೇಳುತ್ತಾರೆ. ಕಣ್ಣಿಲ್ಲದವರಿಗೆಂದು ನಿಮ್ಮಲ್ಲಿ ಯಾರೋ ಪುಣ್ಯಾತ್ಮರು ಮಾತಿನ ನಡುವಿನ ಸಂದುಗಳಲ್ಲಿ ದೃಶ್ಯವನ್ನು ಹೇಳಿಟ್ಟಿದ್ದ ಕೆಲವೇ ಕಾರ್ಯಕ್ರಮಗಳು ನಮಗೆ ಪೂರ್ತಿ ಕಾಣಿಸುತ್ತವೆ, ಸೀರೆಯ ಬಣ್ಣ ಸಮೇತ. ಉಳಿದದ್ದೆಲ್ಲ ಕತ್ತಲು. ನನ್ನ ರೂಮ್‌ಮೇಟ್ ಮೆಹರೂನ್ ಹುಟ್ಟಿನಿಂದ ಕುರುಡಿ. ಅವಳಿಗೆ ನಮ್ಮ ಪರದಾಟ ನೋಡಿ ನಗು. “ಈಗ ನೀವೆಲ್ಲಾ ನಮ್ಮ ಮನೀಗೆ ಬಂದೀರಿ, ಚಪ್ಪಲ್ಲ ಹೊರಗ ಬಿಡ್ರಿ” ಎನ್ನುತ್ತಾಳೆ.

ಸಂದುಗಳಲ್ಲಿ ದೃಶ್ಯ ಹೇಳುವ ಆ ಕೆಲಸಕ್ಕೆ ನಾವು ನೋಟನುಡಿ ಎನ್ನುತ್ತೇವೆ, ನಾನು ಕಲಿಯುತ್ತಿರುವುದು ಅದನ್ನೇ. ನಮ್ಮ ಸಾಧನ ಸಂದುಜರಡಿ ಎಂಬ ಸಾಫ್ಟ್‌ವೇರ್. ಮಾತು, ಸಂಗೀತ, ಹೆಜ್ಜೆ, ಪಾತ್ರೆಯ ಸದ್ದು, ಎಲ್ಲವನ್ನೂ ಅದು ಹಿಟ್ಟು ಸಾಣಿಸಿದಂತೆ ಪದರ ಪದರವಾಗಿ ಬೇರೆ ಮಾಡುತ್ತದೆ. ಬರೆದ ಸಾಲು ಪ್ರಸಾರಕ್ಕೆ ಹೋಗುವ ಮುಂಚೆ ತಟ್ಟೆಪರೀಕ್ಷೆ ನಡೆಯುತ್ತದೆ. ಮೆಸ್ಸಿನಲ್ಲಿ ಎಲ್ಲರೂ ಊಟಕ್ಕೆ ಕೂತಿರುವಾಗ ದೃಶ್ಯ ಹಾಕಿ, ನಮ್ಮ ಸಾಲನ್ನು ಓದಬೇಕು. ನಾವು ಓದುವಾಗ ಜನ ಸಾರಿಗೆ ಕೈ ಚಾಚಿದರೆ ಸಾಲು ಉದ್ದವಾಯಿತು ಎಂದರ್ಥ. ಕೈ ತಟ್ಟೆಯಲ್ಲೇ ನಿಂತರೆ ಪಾಸ್.

ನನಗೆ ಸಿಕ್ಕಿದ್ದು ‘ಮಂದಾಕಿನಿ ನಿವಾಸ’ದ ಕೊನೆಯ ಕಂತು. ಊರಿಗೆ ಊರೇ ತಿಂಗಳುಗಟ್ಟಲೆ ಅದಕ್ಕಾಗಿ ಕಾದಿದೆ. ಸೊಸೆ ಸುಗುಣ ಗೇಟಿನ ಬಳಿ ನಿಂತಿದ್ದಾಳೆ. ಅತ್ತೆ ಕೂಗುತ್ತಾಳೆ: “ಬರೋದಾದ್ರೆ ಬಾ, ಹೋಗೋದಾದ್ರೆ ಗೇಟು ಹಾಕ್ಕೊಂಡು ಹೋಗು.” ಆಮೇಲೆ ಮಾತಿಲ್ಲ. ಕೊಳಲು, ಗೆಜ್ಜೆ, ಗೇಟಿನ ಚಿಲಕ ಬಿದ್ದ ಸದ್ದು. ಮುಗಿಯಿತು. ಬಂದಳೋ? ಹೋದಳೋ? ಚಿಲಕ ಒಳಗಿನಿಂದಲೂ ಬೀಳುತ್ತದೆ, ಹೊರಗಿನಿಂದಲೂ ಬೀಳುತ್ತದೆ!

ಹತ್ತು ಸಲ ಕೇಳಿದರೂ ಗೊತ್ತಾಗಲಿಲ್ಲ. ನಿನ್ನೆ ತಟ್ಟೆಪರೀಕ್ಷೆಯಲ್ಲಿ ಧೈರ್ಯ ಮಾಡಿ “ಸುಗುಣ ಒಳಗೆ ಬರುತ್ತಾಳೆ” ಎಂದು ಓದಿಬಿಟ್ಟೆ. ಮೆಸ್ಸಿಗೆ ಮೆಸ್ಸೇ ಚಪ್ಪಾಳೆ ಹೊಡೆಯಿತು. “ನಾ ಹೇಳಿದ್ನೋ ಇಲ್ಲೋ, ಬಂದೇ ಬರ್ತಾಳ ಅಂತ!” ಎಂದು ಒಬ್ಬಳು ಬೆಂಚು ಗುದ್ದಿದಳು. ಮೆಹರೂನಳ ಕೈ ಮಾತ್ರ ತಟ್ಟೆಯಲ್ಲೇ ನಿಂತಿತ್ತು. ಪಾಸಾದೆ ಅಂದುಕೊಂಡೆ. ಅವಳು ಮೆಲ್ಲಗೆ ಕೇಳಿದಳು: “ನೀ ನೋಡೀಯೇನ?”

ನಾನು ಕೈಲಿದ್ದ ಹಾಳೆ ಮಡಚಿದೆ. “ನಾ ಹುಟ್ಟಿದಾಗಿಂದ ಮಂದಿ ಕಣ್ಣಿನ ಮ್ಯಾಲೆ ನಂಬಿಕಿ ಇಟ್ಟು ಬದುಕೀನಿ. ಊಹಾ ಮಾಡಾಕ ನನಗ ಬರಂಗಿಲ್ಲೇನ? ಅದಕ್ಕ ನೀ ಯಾಕ ಬೇಕು?” ಎಂದು ಕೈ ತೊಳೆಯಲು ಎದ್ದು ಹೋದಳು. ಆಮೇಲೆ ನಿನ್ನೆಯೆಲ್ಲ ನನ್ನೊಡನೆ ಮಾತಾಡಲಿಲ್ಲ.

ಇವತ್ತು ಬೆಳಿಗ್ಗೆ ನಮ್ಮ ಕೊಟ್ರೇಶ ಸರ್ ಬೈದರು. ಮೊದಲ ವರ್ಷದವರೆಲ್ಲ ಮಾಡುವ ತಪ್ಪನ್ನೇ ನಾನೂ ಮಾಡಿದ್ದೆ. ಸದ್ದು ಶುದ್ಧವಾಗಲಿ ಎಂದು ಜರಡಿ ಹಿಡಿದು ಹಿಡಿದು, ಮನೆಯ ಸದ್ದುಗಳನ್ನೇ ಸೋಸಿ ಚೆಲ್ಲಿದ್ದೆ. ಸೋಸದ ಮೂಲ ದನಿಗೆ ಹೋಗಿ ಕೇಳಿದರೆ ಕೊಳಲಿನ ಅಡಿಯಲ್ಲಿ ಕುಕ್ಕರಿನ ಸೀಟಿ! ಅಡಿಗೆಮನೆಯೆಂದರೆ ಒಳಗೇ ತಾನೆ, ಎಂದು ಸರ್ ಹತ್ತಿರ ಓಡಿದೆ. “ಮೈಕು ಎಲ್ಲಿತ್ತು ಅಂತ ಗೊತ್ತಾತು. ಹುಡುಗಿ ಎಲ್ಲಿದ್ಲು?” ಎಂದರು.

ಹಾಗಾಗಿ ಆ ಕಂತನ್ನು ಕಣ್ಣಾರೆ ಕಂಡವರು ಯಾರಾದರೂ ಸಿಕ್ಕಾರೇ ಎಂದು ಮನೆದನಿ ಭಂಡಾರದಲ್ಲಿ ಹುಡುಕಲು ಕೂತೆ. ನಿಮ್ಮ ಕಾಲದ ಫೋನುಗಳು ಗೊತ್ತಿದ್ದೋ ಗೊತ್ತಿಲ್ಲದೆಯೋ ಹಿಡಿದಿಟ್ಟ ಮನೆಮಾತುಗಳು ಅಲ್ಲಿವೆ. ಕೊಳಲಿನ ಆ ರಾಗ ಎಲ್ಲಿದೆಯೆಂದು ಜರಡಿಗೆ ಹುಡುಕಲು ಬಿಟ್ಟೆ. ನೀವು ಸಿಕ್ಕಿದಿರಿ. ಗೆಳತಿಗೆ ಏನೋ ಹೇಳಿ ಕಳಿಸಲು ಹೊರಟು, ಫೋನಿನ ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತಿದ್ದಿರಿ. ಹಿಂದೆ ಟೀವಿ. ಪಕ್ಕದಲ್ಲಿ ಕಣ್ಣು ಕಾಣದ ಅಜ್ಜಿ. “ಅಜ್ಜೀ, ಹಳದಿ ಸೀರೆ ಉಟ್ಕೊಂಡಿದಾಳೆ ಕಣೇ, ಸೂಟ್‌ಕೇಸು ಇನ್ನೂ ಕೈಲೇ ಇದೆ. ಅತ್ತೆ ಮುಖ ನೋಡ್ಬೇಕು ನೀನು, ಹಾಗಲಕಾಯಿ ಜ್ಯೂಸ್ ಕುಡಿದಂಗೆ!” ಅಜ್ಜಿ ಕಿಸಕ್ಕನೆ ನಕ್ಕರು. ಪಮ್ಮಿಯವರೇ, ಯಾರೂ ಕಲಿಸದೆ ನೀವು ಎಷ್ಟು ಚೆನ್ನಾಗಿ ಹೇಳುತ್ತಿದ್ದಿರಿ! ನಾನು ಓಡಿಹೋಗಿ ಮೆಹರೂನಳನ್ನು ಎಳೆದುಕೊಂಡು ಬಂದು, ಮುಂದಿನದನ್ನು ಹಾಕಿದೆ.

ಅತ್ತೆ ಕೂಗಿದಳು. ಕೊಳಲು ಬಂತು. ಗೆಜ್ಜೆ ಬಂತು. ನೀವು ಸುಮ್ಮನಾದಿರಿ. ಚಿಲಕ ಬಿತ್ತು. “ಏನಾಯ್ತೇ ಪಮ್ಮಿ? ಬಂದ್ಲೇನೇ?” ಎಂದು ಅಜ್ಜಿ ಕೇಳಿದರು. “ಇರಜ್ಜಿ, ಆಮೇಲೆ ಹೇಳ್ತೀನಿ” ಎಂದಿರಿ. ಅಜ್ಜಿ ಸ್ವಲ್ಪ ಹೊತ್ತು ಕಾದರು. ಜಾಹೀರಾತು ಶುರುವಾಯಿತು. “ಆಯ್ತು ಬಿಡು” ಎಂದರು. ಅಲ್ಲಿಗೆ ದನಿ ನಿಂತಿದೆ.

ಮೆಹರೂನ್ ಆ ಕೊನೆಯ ಮಾತುಗಳನ್ನು ಇನ್ನೆರಡು ಸಲ ಹಾಕಿಸಿದಳು. ಕೊನೆಗೆ, “ಈ ‘ಆಮ್ಯಾಲೆ’ ನನಗ ಭಾಳ ಪರಿಚಯ. ಅದು ಬರಂಗಿಲ್ಲ” ಎಂದಳು. ಬೈಗುಳವಾಗಿ ಹೇಳಲಿಲ್ಲ. ಮಾತಿನ ನಡುವೆ ನೀವು ಮೂಗು ಸೇದಿದ್ದನ್ನು ಕೇಳಿಸಿ, ನೀವು ಅಳುತ್ತಿದ್ದಿರಿ ಎಂದು ಅವಳೇ ನನಗೆ ತೋರಿಸಿಕೊಟ್ಟಳು.

ನಾಳೆ ನಾನು ಬಂದಳು ಎನ್ನುವುದಿಲ್ಲ, ಹೋದಳು ಎನ್ನುವುದೂ ಇಲ್ಲ. ಹಳದಿ ಸೀರೆ, ಸೂಟ್‌ಕೇಸು, ಹಾಗಲಕಾಯಿ, ಇವು ನೀವು ಕಂಡದ್ದು, ನಿಮ್ಮ ಮಾತಿನಲ್ಲೇ ಹೇಳುತ್ತೇನೆ. ಕೊಳಲು ಬಂದಾಗ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಕೇಳುಕಟ್ಟೆಯವರು ಬೈಯುತ್ತಾರೆ, ಫೇಲಾದರೂ ಆಗಬಹುದು. ಸಾಲನ್ನು ಅಳಿಸಿದ್ದೇನೆಂದು ಹೇಳಿದ ಮೇಲೆ ಮೆಹರೂನ್ ನನ್ನ ಪಕ್ಕ ಕೂರಲು ಒಪ್ಪಿದ್ದಾಳೆ.

ಈ ಓಲೆ ನಿಮಗೆ ಆ ಸಂಜೆಗಿಂತ ಮೊದಲೇ ಸಿಕ್ಕಿದರೆ ಏನು ಮಾಡಬೇಕೆಂದು ನಾನು ಹೇಳಬೇಕಾಗಿಲ್ಲ. ತಡವಾಗಿ ಸಿಕ್ಕಿದರೂ ಏಳಿ. ಅಜ್ಜಿ ಬಹುಶಃ ಇನ್ನೂ ಅಲ್ಲೇ ಕೂತಿರುತ್ತಾರೆ, ನಿದ್ದೆ ಬಂದವರಂತೆ. ಪಕ್ಕ ಕೂತು ಹೇಳಿ. ಅತ್ತು ಹೇಳಿದರೂ ನಡೆಯುತ್ತದೆ. ಸ್ವಲ್ಪ ಗಟ್ಟಿಯಾಗಿ ಹೇಳಿ, ಅವರ ಹಿಂದೆ ನಾವೂ ಇದ್ದೇವೆ.

ನಿಮ್ಮ
ಚಿತ್ಕಲಾ ಮುಳಗುಂದ