ಕಪ್ಪು ಕಾಯಿ ನನ್ನದು

ತಿ. ನರಸೀಪುರ
೧೭ ಜುಲೈ ೨೦೨೪

ಲಿಖಿತಾಳ ಅಪ್ಪನಿಗೆ,

ಕೋಮಲ ಮಾಡುವ ನಮಸ್ಕಾರ. ನಾನೂ ಮಗಳೂ ನಮ್ಮವ್ವನ ಮನೆಯಲ್ಲಿ ಕ್ಷೇಮ. ನನ್ನ ಹಣೆಗೆ ಹೊಲಿಗೆ ಹಾಕಿದ್ದಾರೆ. ಬಲಗೈ ಬೆರಳು ಇನ್ನೂ ಮಡಚಲಾಗದು, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ಆಟ ಅಂದಮೇಲೆ ಕೋಪ ಇದ್ದದ್ದೇ, ಬಂದುಬಿಡು ಎಂದು ನಿಮ್ಮ ತಮ್ಮ ನಾಗೇಂದ್ರನ ಕೈಲಿ ಹೇಳಿಕಳಿಸಿದ್ದೀರಿ. ಅವನಿಗೆ ಊಟ ಹಾಕಿ ಕಳಿಸಿದೆ, ಉತ್ತರ ಹೇಳಲಿಲ್ಲ. ಉತ್ತರ ಇದು.

ನನಗೆ ಚೆಸ್ ಕಲಿಸಿದವರು ನೀವೇ. ತಾಂಡ್ಯದ ಫ್ಯಾಕ್ಟರಿಯಿಂದ ಬಂದವರೇ ಮಣೆ ಹಾಸುತ್ತಿದ್ದಿರಿ. ಬಿಳಿ ಕಾಯಿ ಯಾವತ್ತೂ ನಿಮ್ಮದು, ಕಪ್ಪು ನನ್ನದು. ರಾಜನ ಪಕ್ಕದ ಕಾಲಾಳನ್ನು ನನ್ನ ಬಾಯಿಗೆ ಒಡ್ಡುತ್ತಿದ್ದಿರಿ. ಅದನ್ನು ಹೊಡೆದು, ಗಳಿಸಿದ್ದನ್ನು ಬಿಡದೆ ಕಾಪಾಡಿಕೊಳ್ಳುವುದಕ್ಕೆ ಕ್ಲಾಸಿಕಲ್ ಡಿಫೆನ್ಸ್ ಅನ್ನುತ್ತಾರೆ ಎಂದು ಹೇಳಿಕೊಟ್ಟವರೂ ನೀವೇ. ಹೇಳಿಕೊಟ್ಟಂತೆ ಆಡಿ ಗೆದ್ದ ಸಂಜೆ ನನ್ನ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಚಚ್ಚಿದಿರಿ. ಆಮೇಲೆ ಆ ಕಾಲಾಳನ್ನು ನಾನು ಮುಟ್ಟಲೇ ಇಲ್ಲ. ಸೋಲುವುದರಲ್ಲಿ ಪಳಗಿದೆ.

ಭಾನುವಾರ ನಂಜನಗೂಡಿನ ಕ್ಲಬ್ಬಿನ ಚೆಸ್ ಪಂದ್ಯಾವಳಿಯಲ್ಲಿ ಜೋಡಿ ಮಾಡಲು ಚೀಟಿ ಎತ್ತಿದಾಗ ನನ್ನ ಎದುರಿಗೆ ನೀವೇ ಬಂದಿರಿ, ನನಗೆ ಕಪ್ಪೇ ಬಂತು. ಅದೇ ಕಾಲಾಳನ್ನು ಒಡ್ಡಿ, ನಗುತ್ತಾ ಟೀ ಕುಡಿಯಲು ಎದ್ದುಹೋದಿರಿ. ಆಗ ಮಗಳು ನನ್ನ ಕಿವಿಯ ಹತ್ತಿರ ಬಂದು, "ಸೋತ್ಬುಡವ್ವ. ಮನೇಗೋದ್ರೆ ಅಪ್ಪ ಒಡೀತದೆ" ಅಂದಳು.

ಒಂಬತ್ತು ವರ್ಷದ ಕೂಸು. ನನಗೆ ಮೈಯೆಲ್ಲ ಉರಿದುಹೋಯಿತು. ಕಾಲಾಳನ್ನು ಹೊಡೆದೆ. ಅದರ ಕಾವಲಿಗೆ ಇನ್ನೊಂದನ್ನು ಮುಂದೆ ನೂಕಿದೆ. ನೀವು ರೊಚ್ಚಿಗೆದ್ದು ಕುದುರೆಯನ್ನೂ ಬಲಿ ಕೊಟ್ಟಿರಿ, ಅದನ್ನೂ ತಿಂದೆ. ಕೊನೆಗೆ ನಿಮ್ಮ ರಾಜನ ಸುತ್ತ ಯಾರೂ ಉಳಿಯಲಿಲ್ಲ. ಎಲ್ಲರೆದುರು ನನ್ನ ಕೈ ಕುಲುಕಿದಿರಿ. ಬೆರಳು ಲಟಕ್ಕೆಂದದ್ದು ನಮ್ಮಿಬ್ಬರಿಗೆ ಮಾತ್ರ ಕೇಳಿಸಿತು. ನಾನು ನಗುತ್ತಲೇ ಇದ್ದೆ.

ಮನೆಯ ಬಾಗಿಲು ಹಾಕಿದ ಮೇಲಿನದು ನಿಮಗೆ ಗೊತ್ತು. ನಮ್ಮ ಮರದ ಸೆಟ್ಟಿನ ಬಿಳಿ ರಾಜನನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಹಣೆಗೆ ಕುಟ್ಟಿದಿರಿ, ಬಿದ್ದ ಮೇಲೂ ಕುಟ್ಟಿದಿರಿ. ರಕ್ತ ಕಣ್ಣಿಗಿಳಿದು ನಿಮ್ಮ ಮುಖ ಕಾಣದಾಯಿತು. ಮಗಳು ನಿಮ್ಮ ಕೈ ಕಚ್ಚಿ ಹಿಡಿಯದಿದ್ದರೆ ಈ ಪತ್ರ ಬರೆಯಲು ನಾನಿರುತ್ತಿರಲಿಲ್ಲ.

ನಿಮ್ಮ ಮೇಲೆ ಪ್ರೀತಿ ಇತ್ತು, ಅದು ಸುಳ್ಳಲ್ಲ. ಆದರೆ ನಾನು ಬರುವುದಿಲ್ಲ. ಮಗಳೂ ಬರುವುದಿಲ್ಲ.

ಇಂತಿ,
ಕೋಮಲ

ಮರೆತಿದ್ದೆ: ಬಿಳಿ ರಾಜನಿಗಾಗಿ ಡಬ್ಬಿಯಲ್ಲಿ ಹುಡುಕಬೇಡಿ. ಮಗಳು ಅದನ್ನು ಲಂಗದಲ್ಲಿ ಸುತ್ತಿ ತಂದಿದ್ದಳು. ರಕ್ತ, ಕೂದಲು ಅಂಟಿದ ಹಾಗೆಯೇ ಠಾಣೆಗೆ ಕೊಟ್ಟಿದ್ದೇವೆ. ಈ ಪತ್ರಕ್ಕಿಂತ ಮೊದಲು ಅವರೇ ಬಂದಿರಬಹುದು.