ನಾಲ್ಕು ದಿನದ ವಾರ

ಕ್ಯಾಂಪ್‌ಬೆಲ್, ಕ್ಯಾಲಿಫೋರ್ನಿಯಾ
ಭಾನುವಾರ, ಏಪ್ರಿಲ್ ೧೪, ೧೯೮೫

ಪ್ರೀತಿಯ ರಾಯರಿಗೆ,

ಈ ಸಲ ಹೆಸರು ಹಿಡಿದೇ ಬರೆಯೋಣ ಅಂದುಕೊಂಡೆ, ಪೆನ್ನು ಏಳಲಿಲ್ಲ. ನಿಮ್ಮ ಕೆಮ್ಮು ಹೇಗಿದೆ? ಪೆನಾಂಗಿನ ಬೀದಿಯಲ್ಲಿ ಬೆವರು, ಹೊಸ ಫ್ಯಾಕ್ಟರಿಯೊಳಗೆ ಏರ್‌ಕಂಡಿಷನ್ನು, ಹೀಗೆ ಒಳಗೂ ಹೊರಗೂ ಓಡಾಡುತ್ತಿದ್ದರೆ ಕೆಮ್ಮು ಹೋಗುವುದಾದರೂ ಹೇಗೆ? ಬಿಸಿನೀರು ಕುಡಿಯಿರಿ. ಅಲ್ಲಿ ತಮಿಳರ ಹೋಟೆಲಿನಲ್ಲಿ ಒಳ್ಳೆಯ ಸಾರು ಸಿಗುತ್ತದೆಂದು ಬರೆದಿದ್ದಿರಿ, ಓದಿ ಸಮಾಧಾನವಾಯಿತು. ನಮ್ಮ ಇಂದು ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ. ಅಪ್ಪನಿಗೆ ಏನು ಬರೆಯಲೇ ಎಂದು ಕೇಳಿದರೆ, ಮಗಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ಈಗ ಅವಳಿಗೆ ಶಿಳ್ಳೆ ಹಾಕಲು ಬರುತ್ತದಂತೆ.

ಇನ್ನು ನಮ್ಮ ಫ್ಯಾಕ್ಟರಿಯ ಸುದ್ದಿ. ಕಂಪನಿ ನಿಮ್ಮನ್ನು ಅಲ್ಲಿಗೆ ಕಳಿಸಿದ ಮೇಲೆ ಇಲ್ಲಿ ಆರ್ಡರುಗಳು ಇನ್ನೂ ಇಳಿದವು. ಕಂಪ್ಯೂಟರಿನ ಚಿಪ್ಪು ಕೊಳ್ಳುವವರೇ ಇಲ್ಲವಂತೆ. ಪಕ್ಕದ ಕಟ್ಟಡದ ಕಂಪನಿಯಲ್ಲಿ ಒಂದು ಬೆಳಿಗ್ಗೆ ಕೆಲಸಕ್ಕೆ ಬಂದವರ ಬ್ಯಾಡ್ಜನ್ನು ಬಾಗಿಲಲ್ಲೇ ಇಸಿದುಕೊಂಡು, ಕೈಗೊಂದು ರಟ್ಟಿನ ಡಬ್ಬ ಕೊಟ್ಟು, ಕಾರಿನ ತನಕ ಗಾರ್ಡನ್ನು ಜೊತೆ ಮಾಡಿ ಕಳಿಸಿಬಿಟ್ಟರು. ಚಿಪ್ಪು ಜೋಡಿಸುವ ನಮ್ಮ ಲೈನಿನ ಹೆಂಗಸರೆಲ್ಲ ಕಿಟಕಿಯಿಂದ ನೋಡುತ್ತಿದ್ದರು.

ಹೋದ ಸೋಮವಾರ ಮ್ಯಾನೇಜರ್ ಬಾಬ್, ಲೈನು ನೋಡಿಕೊಳ್ಳುವವಳು ನಾನೆಂದು, ನನ್ನನ್ನು ಕರೆಸಿದ. ಎಂದೂ ಬಾಗಿಲು ಹಾಕದವನು ಹಾಕಿಕೊಂಡ. "ನಿನ್ನ ಲೈನಿನಲ್ಲಿ ಐದು ಜನಕ್ಕೆ ಒಬ್ಬರಂತೆ ಹೋಗಬೇಕು. ಯಾರು ಅನ್ನೋದನ್ನ ನೀನೇ ಹೇಳು. ಶುಕ್ರವಾರದವರೆಗೆ ಬಾಯಿ ಬಿಡಬೇಡ" ಅಂದ. ಕೊನೆಗೆ ಸೇರಿದವರನ್ನು ಮೊದಲು ಕಳಿಸೋಣ ಅಂದರೆ ಮಂಡ್ಯದ ಸಣ್ಣತಾಯಮ್ಮ ಹೋಗಬೇಕು. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆಂದು ಇಲ್ಲಿಗೆ ಬಂದ ಅವರನ್ನು ಕೆಲಸಕ್ಕೆ ಸೇರಿಸಿದವಳೇ ನಾನು. ನಿಧಾನವಾಗಿ ಮಾಡುವವರನ್ನು ಕಳಿಸೋಣ ಅಂದರೆ ತೆರೆಸಿಟಾ ಹೋಗಬೇಕು. ಮೈಕ್ರೋಸ್ಕೋಪಿನಡಿ ಕೂದಲಿಗಿಂತ ಸಣ್ಣ ತಂತಿ ಕೂರಿಸುವುದನ್ನು ನನಗೆ ಕೈ ಹಿಡಿದು ಕಲಿಸಿದವಳು ಆಕೆ. ಈಚೆಗೆ ಕಣ್ಣು ಮಂದವಾಗಿ ಹಿಂದೆ ಬಿದ್ದಿದ್ದಾಳೆ.

ಆಗ ನಿಮ್ಮ ಗೆಳೆಯ, ರೆಡ್‌ವುಡ್ ಸಿಟಿಯ ಜಯರಾಮ್ ಹೇಳಿದ್ದು ನೆನಪಾಯಿತು. ಅವರ ಆಫೀಸಿನಲ್ಲಿ ಯಾರನ್ನೂ ತೆಗೆಯದೆ ಎಲ್ಲರಿಗೂ ವಾರಕ್ಕೆ ಒಂದು ದಿನ ಕೆಲಸ ಕಡಿಮೆ ಮಾಡಿದ್ದರಂತೆ. ಕಡಿಮೆಯಾದ ಸಂಬಳದಲ್ಲಿ ಒಂದು ಪಾಲನ್ನು ಸರ್ಕಾರದ ನಿರುದ್ಯೋಗದ ಆಫೀಸು ತುಂಬಿಕೊಡುತ್ತದೆ. ಅಲ್ಲಿಗೆ ಫೋನು ಮಾಡಿ ಎಲ್ಲಾ ಕೇಳಿಕೊಂಡು ಬಾಬ್ ಹತ್ತಿರ ಹೋದೆ. ಅವನು ನಕ್ಕ. "ಹೊಸಬರಿಗೋಸ್ಕರ ಹಳಬರು ಸಂಬಳ ಬಿಡ್ತಾರಾ? ಒಬ್ಬರು ಬೇಡ ಅಂದರೂ ನಾನು ಮೇಲಿನವರ ಹತ್ತಿರ ಬಾಯಿ ತೆಗೆಯೋದಿಲ್ಲ" ಅಂದ. ಹಾಗಾದರೆ ಅವರನ್ನೇ ಕೇಳುತ್ತೇನೆ ಅಂದೆ. ಬೇಡ ಅನ್ನಲಿಲ್ಲ.

ಗುರುವಾರ ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊದಲು ಎದ್ದವಳೇ ತೆರೆಸಿಟಾ. "ಇಷ್ಟು ವರ್ಷ ಆ ಕುರ್ಚಿಯಲ್ಲಿ ಕೂತು ಕಣ್ಣು ಹಾಳುಮಾಡಿಕೊಂಡವಳು ನಾನು. ಈಗ ಯಾಕೆ ಬಿಟ್ಟುಕೊಡಲಿ? ನಿನ್ನೆ ಮೊನ್ನೆ ಬಂದವರು ಹೋಗಲಿ." ಇನ್ನೊಂದು ಲೆಕ್ಕದಲ್ಲಿ ಹೋಗುವವಳು ನೀನೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಜನರ ಮುಂದೆ ಅದನ್ನು ಹೇಗೆ ಹೇಳುವುದು? ಅಷ್ಟರಲ್ಲಿ, ಇಂಗ್ಲಿಷ್ ತಿಳಿದರೂ ಆಡಲು ಬಾರದ ಸಣ್ಣತಾಯಮ್ಮ ಎದ್ದು ನನ್ನ ಕಡೆ ತಿರುಗಿ, "ಆಯಮ್ಮ ಅನ್ನೋದು ಸರಿ ಕಣವ್ವ. ನಾನ್ ಮನೇಗೆ ಓಯ್ತೀನಿ. ನನ್ನಿಂದ ಯಾರ್ ಸಂಬಳಾನೂ ಕಡ್ಮೆ ಆಗೋದು ಬ್ಯಾಡ. ಅಂಗಂತ ಅವ್ರಿಗೆ ಇಂಗ್ಲಿಷ್ನಾಗೆ ಯೋಳು" ಅಂದರು.

ನಾನು ಒಂದಕ್ಷರ ಸೇರಿಸದೆ ಹೇಳಿದೆ. ತೆರೆಸಿಟಾ ಅವರನ್ನು ನೋಡಿ, "ಮನೆಯಲ್ಲಿ ಯಾರಿದ್ದಾರೆ ಇವಳಿಗೆ?" ಎಂದು ಕೇಳಿದಳು. ಮಗಳು, ಅಳಿಯ ಅಂದೆ. "ಕೆಲಸವಿಲ್ಲದೆ ಅಳಿಯನ ಮನೆಯಲ್ಲಿ ಕೂರೋದಾ?" ಅಂದಳು. ಅವಳೂ ಇಲ್ಲೇ ಹತ್ತಿರದ ನೆವಾರ್ಕಿನಲ್ಲಿ ಅಳಿಯನ ಮನೆಯಲ್ಲೇ ಇರುವವಳು. ಕೂತು ಊಟದ ಡಬ್ಬಿಯ ಮುಚ್ಚಳ ಹಾಕಿದಳು. "ಆಗಲಿ. ಆದರೆ ರಜ ಶುಕ್ರವಾರ ಕೊಡಬೇಕು. ಸೋಮವಾರ ಕೊಟ್ಟರೆ ನಾನು ಒಪ್ಪೋದಿಲ್ಲ." ಎಲ್ಲರೂ ನಕ್ಕುಬಿಟ್ಟರು. ಯಾರೂ ಬೇಡ ಅನ್ನಲಿಲ್ಲ. ಶುಕ್ರವಾರ ಮಧ್ಯಾಹ್ನ ಬಾಬ್ ಮೇಲಿನವರ ಒಪ್ಪಿಗೆ ತಂದ. ಮೇ ತಿಂಗಳಿಂದ ನಮಗೆ ನಾಲ್ಕು ದಿನದ ವಾರ. ನನ್ನ ಸಂಬಳವೂ ಅಷ್ಟು ಇಳಿಯುತ್ತದೆ. ಶುಕ್ರವಾರ ಇಂದುವನ್ನು ಡೇಕೇರಿಗೆ ಕಳಿಸದೆ ನಾನೇ ಸ್ಕೂಲಿನಿಂದ ಕರೆತಂದರಾಯಿತು.

ಹೊತ್ತಿಗೆ ಸರಿಯಾಗಿ ಊಟ ಮಾಡಿ, ಔಷಧಿ ಬಿಡಬೇಡಿ. ಮಗಳು ಈ ಹಾಳೆಗೆ ಮುತ್ತು ಕೊಟ್ಟಿದ್ದಾಳೆ, ಮೂಲೆಯಲ್ಲಿರುವ ಜಾಮಿನ ಕಲೆ ಅದೇ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ,
ಶೈಲಜಾ

ತಾ.ಕ.: ಇದನ್ನು ಬರೆಯದೆ ಕವರು ಅಂಟಿಸೋಣ ಅಂದುಕೊಂಡಿದ್ದೆ, ಆಗಲಿಲ್ಲ. ಒಪ್ಪಿಗೆ ತಂದ ಬಾಬ್ ನನ್ನ ಕೈ ಕುಲುಕಿ, "ಸೆಪ್ಟೆಂಬರಿನ ತನಕ ತಾನೆ, ಹೇಗೋ ದೂಡಬಹುದು. ಅಲ್ಲಿ ನಿನ್ನ ಗಂಡನ ಲೈನು ಶುರುವಾದರೆ ಇಲ್ಲಿಯದು ಮುಚ್ಚುತ್ತೆ" ಅಂದ. ನನಗೆ ಗೊತ್ತಿದೆ ಅಂತಲೇ ಅವನು ತಿಳಿದಿದ್ದ. ಅಲ್ಲಿ ಮಾಡೋದು ಬೇರೆ ಚಿಪ್ಪು, ನಿಮ್ಮ ಲೈನಿಗೆ ಏನೂ ಆಗೋದಿಲ್ಲ ಅಂತ ಏರ್‌ಪೋರ್ಟಿನಲ್ಲಿ ನೀವು ಹೇಳಿದ್ದಿರಿ. ನಾಳೆ ಬೆಳಿಗ್ಗೆ ಎಲ್ಲರಿಗೂ ಹೇಳಿಬಿಡುತ್ತೇನೆ, ಬಾಬ್‌ಗೆ ತಿಳಿಸಿಯೇ. ಬೇರೆ ಕೆಲಸ ಹುಡುಕುವುದಕ್ಕೆ ಅವರಿಗೆ ಶುಕ್ರವಾರಗಳಾದರೂ ಇವೆ. ನಿನ್ನ ಗಂಡನಿಗೆ ಮೊದಲೇ ಗೊತ್ತಿತ್ತಾ ಎಂದು ತೆರೆಸಿಟಾ ಕೇಳಿಯೇ ಕೇಳುತ್ತಾಳೆ. ನನಗೂ ಗೊತ್ತಿಲ್ಲ, ಬರೆದು ಕೇಳಿದ್ದೇನೆ ಅನ್ನುತ್ತೇನೆ. ಫೋನಿನಲ್ಲಿ ಹೇಳಬೇಡಿ, ಇಂದು ಪಕ್ಕದಲ್ಲೇ ನಿಂತಿರುತ್ತಾಳೆ. ಗೊತ್ತಿತ್ತು ಅಂತ ಬರೆದರೆ ನನಗೆ ಕೋಪ ಬರುತ್ತದೆ, ಆಮೇಲೆ ಇಳಿಯುತ್ತದೆ. ಗೊತ್ತಿದ್ದೂ ಗೊತ್ತಿರಲಿಲ್ಲ ಅಂತ ಮಾತ್ರ ಬರೆಯಬೇಡಿ.