ಗೋಡೆಯ ಮೇಲೆ ಸಮುದ್ರ ಪೂಜೆ

ಪ್ರೀತಿಯ ಅಪ್ಪಯ್ಯ,

ಏಣಿ ಮೇಲಿದ್ದರೆ ಅಲ್ಲಿಂದಲೇ ಕೇಳು. ನೀನು ನೆಲದ ಮೇಲೆ ನಿಂತದ್ದನ್ನು ನಾನು ನೋಡಿದ್ದೇ ಕಡಿಮೆ! ಕೈಯಲ್ಲಿ ಇನ್ನೂ ಬಣ್ಣವಿದೆ, ತೊಳೆದು ಬರುವಷ್ಟು ತಾಳ್ಮೆ ಇಲ್ಲ.

ಶಾಲೆಯ ಗೋಡೆಗೆ ನೀನು ಇಂಗ್ಲಿಷಿನಲ್ಲಿ ಹಬ್ಬಗಳ ಪಟ್ಟಿ ಬರೆದ ದಿನ ನೆನಪಿದೆಯಾ? ನಿನಗೆ ಓದಲು ಬಾರದ ಭಾಷೆ, ಚೀಟಿ ನೋಡಿ ಅಕ್ಷರ ಬಿಡಿಸುತ್ತಿದ್ದೆ. ಹಬ್ಬದ ಹೆಸರು, ಸಂವಿಧಾನದ ಹೆಸರು ದೊಡ್ಡಕ್ಷರದಲ್ಲೇ ಶುರುವಾಗಬೇಕು ಎಂದು ಟೀಚರ್ ಹೇಳಿದ್ದೇ ತಡ, ಅದು ಮರ್ಯಾದೆಯ ವಿಷಯ ಅಂತ ನಿನಗೆ ಖಾತ್ರಿಯಾಯಿತು. "ಕಾಣ್ ಮಗಾ, ದೊಡ್ಡೋರ್ ಬಂದ್ರೆ ನಾವ್ ಎದ್ ನಿಲ್ಲುದಿಲ್ಯಾ? ಹಾಂಗೇ ಇದ್" ಎಂದೆ. ಆಮೇಲೆ ಯಾರೂ ಹೇಳದೆ, ಕೊನೆಯ ಸಾಲಿಗೆ 'ಸಮುದ್ರ ಪೂಜೆ' ಸೇರಿಸಿದೆ. ಅದರ ಮೊದಲಕ್ಷರ ಎಲ್ಲಕ್ಕಿಂತ ಎತ್ತರ!

ಹೆಡ್‌ಮಾಸ್ಟ್ರು ಬಂದು, "ಹ್ವಾಯ್, ಇದ್ ಸರ್ಕಾರದ್ ರಜೆ ಪಟ್ಟಿಯೊಳ್ಗಿಲ್ಲ ಮಾರಾಯ್ರೆ, ಅಳ್ಸಿ" ಎಂದರು. ನೀನೇ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಕಡಲಿಗೆ ಹಾಲೆರೆದು ದೋಣಿ ಇಳಿಸುವ ನಮ್ಮ ಹಬ್ಬ ಹಬ್ಬವಲ್ಲವಾ? ನನಗಂತೂ ಮೈಯೆಲ್ಲ ಉರಿದಿತ್ತು. ನಿನಗೆ ಸಿಟ್ಟು ಬರಲಿಲ್ಲವಾ, ಇಲ್ಲ ನುಂಗಿಕೊಂಡೆಯಾ...

ಹೋದ ವಾರ ಅದೇ ಗೋಡೆಗೆ ಬಣ್ಣ ಹೊಡೆದು ಪಟ್ಟಿಯನ್ನು ಹೊಸದಾಗಿ ಬರೆಯಲು ನನ್ನನ್ನು ಕರೆದರು. ನೀನು ಬಿಟ್ಟುಹೋದ ಬ್ರಷ್‌ಗಳನ್ನೇ ಒಯ್ದೆ. ಈಗ ಗುಲ್ವಾಡಿ ಊರಿನವರೊಬ್ಬರು ಹೆಡ್‌ಮೇಡಂ. ಕೇಳಿಯೇಬಿಟ್ಟೆ: "ಮೇಡಂ, ಸಮುದ್ರ ಪೂಜೆ ದಿನ ಶಾಲಿಗೆ ಎಷ್ಟ್ ಮಕ್ಳ್ ಬತ್ರ್?" ಅವರು ಹಾಜರಿ ಪುಸ್ತಕ ತಿರುಗಿಸಿ ನಕ್ಕರು. "ನಾಕ್ ಜನ! ಎಲ್ರೂ ಕಡ್ಲ್ ಬದಿಯಂಗೇ ಇರ್ತ್ರ್ ಅಲ್ದಾ? ಊರಿನ್ ಹಬ್ಬಕ್ಕ್ ಕೊಡು ರಜೆ ಒಂದ್ ನಮ್ ಕೈಯೊಳ್ಗೇ ಇತ್ತ್, ಅದನ್ನೇ ಕೊಡುವ. ನೀವ್ ಬರೀನಿ."

ಇವತ್ತು ಬರೆದೆ ಅಪ್ಪಯ್ಯ, ಬರೆದೆ! ನಿನ್ನಷ್ಟು ಎತ್ತರ ಮಾಡಲಿಲ್ಲ, ಬೈಯಬೇಡ. ಗಣರಾಜ್ಯೋತ್ಸವದ ಮೊದಲಕ್ಷರಕ್ಕೂ ನಮ್ಮದಕ್ಕೂ ಸರಿಸಮ ಎತ್ತರ. ನಾಳೆ ಪಕ್ಕದಲ್ಲೇ ಸಂವಿಧಾನದ ಪೀಠಿಕೆ ಬರೆಯುತ್ತೇನೆ.

ಮಧ್ಯಾಹ್ನ ಅಮ್ಮ ಮೀನು ಮಾರಿ ಬುಟ್ಟಿ ಹೊತ್ತು ಅದೇ ದಾರಿಯಲ್ಲಿ ಬಂದಳು. ಅವಳಿಗೆ ಅಕ್ಷರ ಬಾರದು, ನಾನೇ ತೋರಿಸಿದೆ. "ಇದ್ ನಮ್ದಾ?" ಎಂದು ಕೇಳಿದಳು. "ನಮ್ದೇ" ಎಂದೆ. ಬುಟ್ಟಿ ಕೆಳಗಿಟ್ಟು, ಹಸಿ ಬಣ್ಣವೆಂದು ನಾನು ಕೂಗುವಷ್ಟರಲ್ಲಿ, ಮೊದಲಕ್ಷರವನ್ನು ಮುಟ್ಟಿ ಕೈ ಕಣ್ಣಿಗೊತ್ತಿಕೊಂಡಳು. ಅಕ್ಷರದ ಮೇಲೆ ಅವಳ ಬೆರಳಿನ ಗುರುತು ಉಳಿದಿದೆ. ನೀನಾಗಿದ್ದರೆ ತಕ್ಷಣ ತಿದ್ದುತ್ತಿದ್ದೆ, ಗೊತ್ತು. ನಾನು ತಿದ್ದುವುದಿಲ್ಲ ಅಪ್ಪಯ್ಯ, ನಿನ್ನಾಣೆ.

ನಿನ್ನ ಮಗಳು